ಬಾಡಿಗೆ ಬಾರದ ತಿಂಗಳು

ಬೆಂಗಳೂರಿನಲ್ಲಿ ಮನೆ ಓನರ್ ಎಂದ ಕೂಡಲೇ ಜನರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ತಿಂಗಳು ಹುಟ್ಟಿದರೆ ಕೂತಲ್ಲೇ ದುಡ್ಡು ಎಣಿಸುವವರು, ಗೋಡೆಗೆ ಮೊಳೆ ಹೊಡೆದರೆ ಜಗಳಕ್ಕೆ ಬರುವವರು, ಮನೆ ಬಿಡುವಾಗ ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವವರು. ಅಂಥವರಿದ್ದಾರೆ. ಅಂಥವರ ಮನೆಗಳಲ್ಲಿ ವರ್ಷಗಟ್ಟಲೆ ಇದ್ದು ಬಂದವನು ನಾನು, ಇಲ್ಲವೆನ್ನಲಾರೆ. ಆದರೆ ಮತ್ತಿಕೆರೆ, ಗೋಕುಲ, ಯಶವಂತಪುರದ ಒಳರಸ್ತೆಗಳಲ್ಲಿ ಒಂದು ಸಂಜೆ ನಡೆದು ನೋಡಿದರೆ ಬೇರೆಯದೇ ಕಾಣುತ್ತದೆ. ಮೂವತ್ತು-ನಲವತ್ತರ ಸೈಟು, ಕೆಲವು ಇಪ್ಪತ್ತು-ಮೂವತ್ತು. ಕೆಳಗೆ ಓನರ್, ಮೇಲೆ ಬಾಡಿಗೆ ಮನೆ, ತಾರಸಿಯ ಮೂಲೆಯಲ್ಲಿ ಶೀಟು ಹೊದಿಸಿದ ಒಂದು ರೂಮು. ಫ್ಯಾಕ್ಟರಿ ನೌಕರರು, ಮೇಷ್ಟ್ರುಗಳು, ಬಸ್ ಕಂಡಕ್ಟರುಗಳು ಪಿ.ಎಫ್. ಸಾಲ ಎತ್ತಿ, ಚೀಟಿ ಕೂಗಿ, ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದ ಮನೆಗಳು ಅವು. ಮೇಲಿನ ಮಹಡಿ ಎಬ್ಬಿಸಿದ್ದು ಐಶ್ವರ್ಯ ಹೆಚ್ಚಿ ಅಲ್ಲ, ಮುಪ್ಪಿನಲ್ಲಿ ಯಾರ ಮುಂದೂ ಕೈ ಒಡ್ಡಬಾರದೆಂದು.

ನನ್ನ ಸೋದರತ್ತೆಯ ಮನೆ ಅಂಥದ್ದು. ಮಾವ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಶುರುವಾದ ಕಾರ್ಖಾನೆ ಅದು. ಒಂದು ಕಾಲಕ್ಕೆ ಆ ಕೆಲಸಕ್ಕೆ ಸರ್ಕಾರಿ ನೌಕರಿಗಿಂತ ಮರ್ಯಾದೆ ಹೆಚ್ಚಿತ್ತು. ಆಮೇಲೆ ಸೊರಗುತ್ತ ಬಂದು, 2016ರಲ್ಲಿ ಅದನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಮಾವ ಅದಕ್ಕೆ ಎಷ್ಟೋ ಮುಂಚೆಯೇ ವಿಆರ್‌ಎಸ್ ತೆಗೆದುಕೊಂಡು, ಬಂದ ದುಡ್ಡಿನಲ್ಲಿ ಮೊದಲ ಮಹಡಿ ಎಬ್ಬಿಸಿದ್ದರು. ಅವರು ಹೋದ ಮೇಲೆ ಅತ್ತೆಗೆ ಉಳಿದದ್ದು ಆ ಮಹಡಿ ಮತ್ತು ಇಪಿಎಸ್ ಪೆನ್ಷನ್. ಪಿ.ಎಫ್. ಇರುವ ನೌಕರರಿಗಾಗಿ 1995ರಲ್ಲಿ ಬಂದ ಆ ಯೋಜನೆಯಲ್ಲಿ ಕನಿಷ್ಠ ಪಿಂಚಣಿ ಎಂದು 2014ರಲ್ಲಿ ನಿಗದಿಯಾದದ್ದು ತಿಂಗಳಿಗೆ 1000 ರೂಪಾಯಿ. ಅತ್ತೆಗೆ ಬರುವುದು ಅದಕ್ಕಿಂತ ಕೊಂಚ ಮೇಲೆ; ಬಿಪಿ, ಶುಗರ್ ಮಾತ್ರೆಗೆ ಸರಿಹೋಗುತ್ತದೆ. ಉಳಿದ ಅಕ್ಕಿ, ಬೇಳೆ, ಗ್ಯಾಸು, ನೀರಿನ ಬಿಲ್ಲು, ಮನೆ ಕಂದಾಯ, ಮದುವೆ ಮುಂಜಿಯ ಉಡುಗೊರೆ ಎಲ್ಲವೂ ಮೇಲಿನ ಮನೆಯ 14,000 ರೂಪಾಯಿಯಲ್ಲೇ ನಡೆಯಬೇಕು.

ಆ ಬಾಡಿಗೆ ಒಂದು ಸೆಪ್ಟೆಂಬರಿನಲ್ಲಿ ನಿಂತಿತು.

ನಿಲ್ಲುವ ಮುಂಚೆ ಸೂಚನೆ ಸಿಕ್ಕಿತ್ತು. ಐದನೇ ತಾರೀಕು ಬರುತ್ತಿದ್ದದ್ದು ಹದಿನೈದಕ್ಕೆ ಹೋಯಿತು. ಆಗಸ್ಟಿನದು ಎರಡು ಕಂತಾಗಿ ಬಂತು. ಆಮೇಲೆ ಮೇಲಿನ ಮನೆಯಾತ ಮೆಟ್ಟಿಲ ಮೇಲಿಂದಲೇ ಹೇಳಿದ: 'ಆಂಟಿ, ಈ ತಿಂಗಳು ಸ್ವಲ್ಪ ಟೈಟು, ಅಡ್ವಾನ್ಸಲ್ಲಿ ಮುರ್ಕೊಂಬಿಡಿ.'

ಕೇಳಲು ನ್ಯಾಯವಾಗಿಯೇ ಇದೆ. ಅವರದೇ ದುಡ್ಡು, ಓನರ್ ಹತ್ತಿರವೇ ಇದೆ, ಮುರಿದುಕೊಂಡರೆ ಆಯಿತು. ಆದರೆ ಅತ್ತೆಯಂಥವರ ಮನೆಯಲ್ಲಿ ಅಡ್ವಾನ್ಸ್ ಎಂಬ ದುಡ್ಡು ಬೀರುವಿನಲ್ಲಿ ಕೂತಿರುವುದಿಲ್ಲ. ಹೋಗುವವರ ಅಡ್ವಾನ್ಸನ್ನು ಬರುವವರ ಅಡ್ವಾನ್ಸಿನಿಂದ ಹಿಂದಿರುಗಿಸುವುದು ಈ ಊರಿನ ರೂಢಿ. ನಡುವೆ ಕೈಯಲ್ಲಿ ನಿಂತ ದುಡ್ಡು ಸಂಪಿನ ಸೋರಿಕೆಗೋ ಕಣ್ಣಿನ ಆಪರೇಷನ್ನಿಗೋ ಹೋಗಿರುತ್ತದೆ. ಅತ್ತೆಯದು ಎರಡಕ್ಕೂ ಹೋಗಿತ್ತು. ಹಾಗಾಗಿ ಮುರಿದುಕೊಳ್ಳಿ ಎಂದರೆ, ಈ ತಿಂಗಳು ನಿಮಗೆ ದುಡ್ಡಿಲ್ಲ ಎಂದೇ ಅರ್ಥ. ಸಾಲದ್ದಕ್ಕೆ, ಇವರಿಂದ ಊರಿನ ವಾಡಿಕೆಯ ಹತ್ತು ತಿಂಗಳ ಅಡ್ವಾನ್ಸೂ ತೆಗೆದುಕೊಂಡಿರಲಿಲ್ಲ. ಐದು ತಿಂಗಳದು, 70,000. 'ನಮ್ಮವರೇ, ಪಾಪ' ಎಂದು ಇಳಿಸಿಕೊಂಡಿದ್ದರು.

ಆ 'ನಮ್ಮವರೇ' ಎಂಬುದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಾಡಿಗೆ ನಿಂತ ಮನೆಯಲ್ಲಿ ಮೊದಲು ಕೆಡುವುದು ಕಿವಿ. ಅತ್ತೆ ಕೂತಲ್ಲಿಂದಲೇ ಮೇಲಿನ ಮನೆಯ ಸದ್ದುಗಳನ್ನು ಲೆಕ್ಕ ಹಾಕತೊಡಗಿದರು. ಆತ ರಾತ್ರಿ ಬೈಕಿನ ಎಂಜಿನ್ನನ್ನು ರಸ್ತೆಯ ತಿರುವಿನಲ್ಲೇ ಆರಿಸಿ, ತಳ್ಳಿಕೊಂಡು ಬಂದು ಗೇಟು ತೆಗೆಯುತ್ತಿದ್ದ. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ಒಂದು ರಾತ್ರಿ ಅಲ್ಲೇ ಉಳಿದಿದ್ದ ನಾನು ಅದನ್ನು ಕಣ್ಣಾರೆ ನೋಡಿದೆ. ಕೆಳಗೆ ಕತ್ತಲಲ್ಲಿ ದಿಂಬಿಗೆ ಒರಗಿ ಕೂತ ಎಪ್ಪತ್ತು ದಾಟಿದ ಹೆಂಗಸು, ಅವಳಿಗೆ ಕೇಳಿಸದಿರಲೆಂದು ಬರಿಗಾಲಲ್ಲಿ ಹತ್ತುತ್ತಿರುವ ನಲವತ್ತೈದರ ಗಂಡಸು. ಇಬ್ಬರಿಗೂ ನಾಚಿಕೆ, ಇಬ್ಬರಿಗೂ ಭಯ. ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ತೆಗೆದುಕೊಳ್ಳಲು ಬಾಗಿಲು ತೆರೆಯುವ ಮುಂಚೆ ಅತ್ತೆ ಕಿಟಕಿಯಲ್ಲಿ ಇಣುಕುತ್ತಿದ್ದರು. ಆತ ಎದುರಾದರೆ ಕೇಳಬೇಕಾಗುತ್ತದಲ್ಲ ಎಂಬ ಸಂಕೋಚ ಅವರಿಗೇ! ದುಡ್ಡು ಬರಬೇಕಾದವರು ಮುಖ ತಪ್ಪಿಸುವ ಸ್ಥಿತಿಗೆ ಬಂದರೆ ಆ ಮನೆಯಲ್ಲಿ ನೆಮ್ಮದಿ ಹೇಗೆ ಉಳಿದೀತು?

ಆತನ ಹೆಂಡತಿ ಮಾತ್ರ ಎಂದಿನಂತೆಯೇ ಇದ್ದರು. ನವರಾತ್ರಿಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದರು, ಕಡಲೆಕಾಳು ಉಸಲಿ ತಂದುಕೊಟ್ಟರು, ಹತ್ತನೇ ಕ್ಲಾಸಿನ ಮಗಳ ಮಾರ್ಕ್ಸು ತೋರಿಸಿ ಹೋದರು. 'ಇಷ್ಟು ಬಾಕಿ ಇಟ್ಕೊಂಡು ಹೆಂಗೆ ಬಂದು ನಗ್ತಾಳೋ ಇವಳು' ಎಂದು ಅತ್ತೆ ನೊಂದುಕೊಂಡರು. ಅದಕ್ಕೆ ಉತ್ತರ ಸಿಕ್ಕಿದ್ದು ಬಹಳ ತಡವಾಗಿ.

ಈ ನಡುವೆ ಬೀದಿಯ ಸಲಹೆಗಳು ಬರತೊಡಗಿದವು. ಮೋಟಾರ್ ಸ್ವಿಚ್ ನಿಮ್ಮ ಅಡುಗೆಮನೆಯಲ್ಲೇ ಇದೆಯಲ್ಲ, ಎರಡು ದಿನ ಹಾಕಬೇಡಿ, ತಾವಾಗಿಯೇ ಇಳಿದು ಬರುತ್ತಾರೆ ಎಂದರು ಪಕ್ಕದ ಮನೆಯವರು. ಅವರು ಕೆಲಸಕ್ಕೆ ಹೋದಾಗ ಇನ್ನೊಂದು ಬೀಗ ಜಡಿಯಿರಿ ಎಂದರು ಎದುರುಮನೆಯವರು. ಹುಡುಗರನ್ನು ಕಳಿಸಿ ಸಾಮಾನು ಇಳಿಸಿಕೊಡುತ್ತೇನೆ ಎಂದ ಬ್ರೋಕರ್ ಒಬ್ಬನೂ ಇದ್ದ. ಅದಕ್ಕೂ ಅವನದೊಂದು ರೇಟು. ಕರೆಂಟಿನ ಮಾತನ್ನು ಯಾರೂ ಎತ್ತಲಿಲ್ಲ. ಉಚಿತ ಕರೆಂಟಿನ ಗೃಹಜ್ಯೋತಿ ಬಂದ ಮೇಲೆ ಮೇಲಿನ ಮನೆಯ ಬಿಲ್ಲು ಸೊನ್ನೆ ಬರುತ್ತಿತ್ತು, ಬೆಸ್ಕಾಂನವರು ಫ್ಯೂಸ್ ಕೀಳುವ ಪ್ರಶ್ನೆಯೇ ಇರಲಿಲ್ಲ. ಸ್ಟೇಷನ್ನಿಗೆ ಹೋದರೆ ಇಂಥ ಸಂಗತಿಗೆ ಸಿಗುವ ಉತ್ತರ ಊರಿಗೆಲ್ಲ ಗೊತ್ತು: ಇದು ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗಿ.

ನೀರಿನ ಸಲಹೆಗೆ ಅತ್ತೆ ಕೊಟ್ಟ ಉತ್ತರ ನನಗೆ ಯಾವ ಕಾನೂನಿನ ಸೆಕ್ಷನ್ನಿಗಿಂತಲೂ ದೊಡ್ಡದು. 'ಆ ಮಗು ಸ್ಕೂಲಿಗೆ ಹೊರಡೋ ಹೊತ್ತಿಗೆ ನಲ್ಲೀಲಿ ನೀರಿಲ್ದಂಗೆ ಮಾಡಿ, ನಾನು ಕೆಳಗೆ ಸ್ನಾನ ಮಾಡಿ ದೇವರ ದೀಪ ಹಚ್ಚಲೇನೋ?' ಎಂದರು. ಬಾಡಿಗೆ ಬಾರದ ಆ ತಿಂಗಳುಗಳಲ್ಲೆಲ್ಲ, ಕಾವೇರಿ ನೀರು ಬಂದ ದಿನ ಹೊತ್ತಿಗೆ ಸರಿಯಾಗಿ ಎದ್ದು ಮೋಟಾರ್ ಹಾಕಿ, ಟ್ಯಾಂಕ್ ತುಂಬಿ ಹರಿಯುವ ಸದ್ದು ಕೇಳಿಸಿದ ಮೇಲೆಯೇ ಆರಿಸುತ್ತಿದ್ದರು.

ಕಾನೂನೂ ಅತ್ತೆಯ ಪಕ್ಕದಲ್ಲೇ ನಿಲ್ಲುತ್ತದೆ ಎಂಬುದನ್ನು ಸಣ್ಣ ಓನರುಗಳು ತಿಳಿದಿರಬೇಕು. ಬಾಡಿಗೆ ಕೊಡದವರನ್ನೂ ಕೈಯಾರೆ ಹೊರಹಾಕುವ ಹಕ್ಕು ಮಾಲೀಕರಿಗಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಆರನೇ ಸೆಕ್ಷನ್ನು, ಕಾನೂನಿನ ದಾರಿ ಬಿಟ್ಟು ಹೊರದೂಡಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹಾಕಿದರೆ ಸ್ವಾಧೀನ ಮರಳಿ ಕೊಡಿಸುತ್ತದೆ. ಮನೆ ಯಾರ ಹೆಸರಿನಲ್ಲಿದೆ ಎಂದು ಆ ದಾವೆಯಲ್ಲಿ ಕೇಳುವುದೂ ಇಲ್ಲ. ಬೀಗ ಜಡಿದ ಓನರ್ ತಪ್ಪಿತಸ್ಥರಾಗಿ ನಿಲ್ಲುತ್ತಾರೆ, ಬಾಕಿ ಉಳಿಸಿಕೊಂಡವರು ನೊಂದವರಾಗಿ ಬರುತ್ತಾರೆ. ಬ್ರೋಕರಿನ ಹುಡುಗರಿಗೆ ಕೊಡುವ ದುಡ್ಡಿನಿಂದ ಕೊಳ್ಳುವುದು ಇಷ್ಟನ್ನೇ.

ಹಾಗಾದರೆ ನೆಟ್ಟಗಿನ ದಾರಿ ಯಾವುದು? ಒಬ್ಬ ವಕೀಲರ ಮುಂದೆ ಕೂತು ನಾನು ಅದನ್ನು ಬಿಡಿಸಿಕೊಂಡು ಕೇಳಿದೆ. ಕರ್ನಾಟಕಕ್ಕೆ 1999ರ ಬಾಡಿಗೆ ಕಾಯ್ದೆಯೊಂದಿದೆ. ಆದರೆ ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3500 ರೂಪಾಯಿ ದಾಟಿದ ಮನೆಗೆ ಅದು ಅನ್ವಯಿಸುವುದಿಲ್ಲ. ಇಂದು ಶೀಟಿನ ರೂಮೂ ಆ ಬೆಲೆಗೆ ಸಿಗುವುದು ಕಷ್ಟ. ಹಾಗಾಗಿ ಊರಿನ ಬಾಡಿಗೆ ಜಗಳಗಳಲ್ಲಿ ಹೆಚ್ಚಿನವು ಹೋಗಿ ನಿಲ್ಲುವುದು ಬ್ರಿಟಿಷರ ಕಾಲದ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಮುಂದೆ. ಹನ್ನೊಂದು ತಿಂಗಳ ಅಗ್ರಿಮೆಂಟು ಎಂದೋ ಮುಗಿದಿರುತ್ತದೆ, ಯಾರೂ ಹೊಸದು ಮಾಡಿಸಿರುವುದಿಲ್ಲ. ಆಗ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. (ಹನ್ನೊಂದೇ ಏಕೆಂದರೆ, ಒಂದು ವರ್ಷ ದಾಟಿದ ಕರಾರನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ.) ಹದಿನೈದು ದಿನದ ನೋಟಿಸು ಕೊಡಬೇಕು, ಅಂಚೆಯಲ್ಲಿ, ಸ್ವೀಕೃತಿ ಬರುವ ಹಾಗೆ. ಬಿಡದಿದ್ದರೆ ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ತೆರವಿನ ದಾವೆ. ಸಮನ್ಸು, ಲಿಖಿತ ಹೇಳಿಕೆ, ವಾಯಿದೆ, ಸಾಕ್ಷಿ, ವಾಯಿದೆ, ವಾದ, ಡಿಕ್ರಿ. ಡಿಕ್ರಿ ಕೈಗೆ ಬಂದರೂ ಮನೆ ಕೈಗೆ ಬಂದಂತಲ್ಲ. ಅಮಲ್ಜಾರಿ ಅರ್ಜಿ ಬೇರೆ ಹಾಕಬೇಕು, ಕೋರ್ಟಿನ ಅಮೀನರು ಬರಬೇಕು. ಸೋತವರು ಹೈಕೋರ್ಟಿಗೆ ಹೋದರೆ ಅದರ ಕಥೆ ಬೇರೆ. 'ಎಷ್ಟು ಕಾಲ ಹಿಡಿಯುತ್ತೆ ಸಾರ್?' ಎಂದೆ. ವಕೀಲರು ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. 'ತಿಂಗಳ ಲೆಕ್ಕ ಇಟ್ಕೋಬೇಡಿ' ಎಂದರು.

1882ರ ಆ ಹಳೆಯ ಕಾಯ್ದೆಯಲ್ಲಿ ನನಗೆ ಹಿಡಿಸಿದ ಒಂದು ಮಾತಿದೆ. ಬಾಡಿಗೆ ಕೊಡದಿದ್ದರೆ ಮನೆಯ ಹಕ್ಕು ಹೋಗುತ್ತದೆ ಎಂದು ಕರಾರಿನಲ್ಲಿ ಬರೆದು, ಅದರ ಮೇಲೆ ದಾವೆ ಹೂಡಿದರೂ, ವಿಚಾರಣೆಯ ವೇಳೆ ಬಾಡಿಗೆದಾರರು ಬಾಕಿ, ಬಡ್ಡಿ, ಖರ್ಚು ಎಲ್ಲವನ್ನೂ ಕೊಟ್ಟರೆ ನ್ಯಾಯಾಧೀಶರು ಅವರನ್ನು ಅಲ್ಲೇ ಉಳಿಸಬಹುದು. ಕಷ್ಟಕ್ಕೆ ಸಿಕ್ಕಿ ತಪ್ಪಿದವರಿಗೆ ಅಲ್ಲೊಂದು ಬಾಗಿಲು ತೆರೆದಿದೆ, ಅದು ತೆರೆದೇ ಇರಬೇಕು. ನನ್ನ ಸಂಕಟ ಕಾನೂನಿನ ಕರುಣೆಯ ಮೇಲಲ್ಲ, ಅದರ ನಿಧಾನದ ಮೇಲೆ.

ಏಕೆಂದರೆ ಆ ನಿಧಾನದ ಬೆಲೆಯನ್ನು ತೆರುವವರು ಯಾರೆಂದು ನೋಡಿ. ಬಾಡಿಗೆ ನಿಲ್ಲಿಸಿದವರು ತೆರುವುದಿಲ್ಲ. ಓನರ್ ಒಂದಷ್ಟು ತೆರುತ್ತಾರೆ. ಉಳಿದದ್ದನ್ನೆಲ್ಲ ತೆರುವವರು ನಾಳೆ ಆ ಮನೆ ಕೇಳಿಕೊಂಡು ಬರುವವರು, ಯಾರ ಒಂದು ರೂಪಾಯಿಯನ್ನೂ ಉಳಿಸಿಕೊಳ್ಳದ ಜನ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸು ದೇಶಕ್ಕೆಲ್ಲ ಹೆಸರುವಾಸಿ. ಹೊರಗಿನಿಂದ ಬಂದವರು ಅದನ್ನು ದುರಾಸೆ ಎನ್ನುತ್ತಾರೆ. ಅದರಲ್ಲಿ ದುರಾಸೆಯೂ ಬೆರೆತಿದೆ, ಆದರೆ ಅದರ ಬೇರು ಭಯ. ಬಾಡಿಗೆ ನಿಂತರೆ, ಮನೆ ಬಿಡಿಸಿಕೊಳ್ಳುವವರೆಗೆ ನನ್ನ ಹೊಟ್ಟೆಪಾಡು ಏನು ಎಂಬ ಲೆಕ್ಕವೇ ಆ ಹತ್ತು ತಿಂಗಳು. ಕೋರ್ಟಿನಲ್ಲಿ ತಡವಾಗುವಷ್ಟು ಕಾಲಕ್ಕೂ ಓನರ್ ಮುಂಗಡವಾಗಿ ಜಾಮೀನು ಪಡೆಯುತ್ತಾರೆ. ಆ ಜಾಮೀನು ಹೊಂದಿಸಲು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಬಡ್ಡಿಗೆ ಸಾಲ ಎತ್ತುತ್ತಾನೆ.

ಈ ಭಯಕ್ಕೆ ಹಳೆಯ ಕಾರಣಗಳೂ ಇವೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಪೇಟೆಯಲ್ಲೂ ಮಲ್ಲೇಶ್ವರದಲ್ಲೂ ಪುಡಿಗಾಸಿಗೆ ತಲೆಮಾರುಗಟ್ಟಲೆ ಬಿಡದೆ ಕೂತವರ ಕಥೆಗಳನ್ನು ಕೇಳದೆ ಬೆಳೆದವರು ನಮ್ಮ ಹಿರಿಯರಲ್ಲಿ ಕಡಿಮೆ. ಮಾವ ಆ ಕಥೆಗಳನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದರು. ಬೀಗ ಹಾಕಿಟ್ಟರೂ ಸರಿ, ಬಾಡಿಗೆಗೆ ಕೊಡುವುದಿಲ್ಲ ಎನ್ನುವವರು ಹಾಗೆಯೇ ಹುಟ್ಟಿಕೊಂಡರು. 2011ರ ಜನಗಣತಿಯಲ್ಲಿ ದೇಶದ ಪಟ್ಟಣಗಳಲ್ಲಿ ಖಾಲಿ ಇದ್ದ ಮನೆಗಳು ಸುಮಾರು 1.1 ಕೋಟಿ. ಎಲ್ಲಕ್ಕೂ ಈ ಭಯವೇ ಕಾರಣವಲ್ಲ, ನಿಜ. ಆದರೆ ಒಂದು ಕಡೆ ತಲೆಯ ಮೇಲೆ ಸೂರಿಲ್ಲದವರು, ಇನ್ನೊಂದು ಕಡೆ ಬೀಗ ಜಡಿದ ಮನೆ. ಈ ಎರಡರ ನಡುವೆ ನಿಂತಿರುವುದು ಬಹಳ ಕಡೆ ಕೊಟ್ಟರೆ ಬಿಡಿಸಿಕೊಳ್ಳುವುದು ಹೇಗೆ ಎಂಬ ಒಂದೇ ಪ್ರಶ್ನೆ.

ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಈ ಗಂಟನ್ನು ಎರಡೂ ತುದಿಯಿಂದ ಬಿಚ್ಚಲು ನೋಡುತ್ತದೆ. ವಾಸದ ಮನೆಗೆ ಅಡ್ವಾನ್ಸು ಎರಡು ತಿಂಗಳ ಬಾಡಿಗೆ ಮೀರಬಾರದು. ಸತತ ಎರಡು ತಿಂಗಳು ಬಾಡಿಗೆ ಬಾರದೆ, ನೋಟಿಸು ಕೊಟ್ಟು ತಿಂಗಳಾದರೂ ಕೊಡದಿದ್ದರೆ ತೆರವು ಕೇಳಬಹುದು. ಬಾಡಿಗೆ ವ್ಯಾಜ್ಯಕ್ಕೇ ಬೇರೆ ನ್ಯಾಯಾಲಯ. ನೀರು, ಕರೆಂಟು ಮಾತ್ರ ಯಾರೂ ನಿಲ್ಲಿಸುವಂತಿಲ್ಲ. ಇದು ಮಾದರಿ ಅಷ್ಟೇ, ರಾಜ್ಯಗಳು ತಂದುಕೊಂಡ ಕಡೆ ಮಾತ್ರ ಜಾರಿ. ಅದರಲ್ಲಿ ನನಗೆ ಸರಿ ಕಂಡದ್ದು ಅಡ್ವಾನ್ಸಿನ ಮಿತಿ, ತೆರವಿನ ದಾರಿ ಎರಡನ್ನೂ ಒಂದೇ ಕಾಗದದಲ್ಲಿ ಬರೆದದ್ದು. ಅಡ್ವಾನ್ಸು ಇಳಿಸಿ ಎಂದು ಅತ್ತೆಗೆ ಬರಿದೇ ಹೇಳಿದರೆ ಅವರು ಇಳಿಸುವುದಿಲ್ಲ. ತೀರ್ಪು ಬೇಗ ಸಿಗುತ್ತದೆ ಎಂಬ ನಂಬಿಕೆ ಹುಟ್ಟಿದ ದಿನ, ಹೇಳಿಸಿಕೊಳ್ಳದೆ ಇಳಿಸುತ್ತಾರೆ.

ಸಂಕ್ರಾಂತಿ ಕಳೆದ ಮೇಲೆ ನೋಟಿಸು ಕಳಿಸಿದೆವು. ಅಂಚೆಯವರು ಅತ್ತೆಯ ಬಾಗಿಲು ದಾಟಿಕೊಂಡು ಮೆಟ್ಟಿಲು ಹತ್ತಿದರು. ಆತ ಮನೆಯಲ್ಲಿರಲಿಲ್ಲ. ಸ್ವೀಕೃತಿ ಚೀಟಿಗೆ ಸಹಿ ಹಾಕಿದ್ದು ಹೆಂಡತಿ.

ಸ್ವಲ್ಪ ಹೊತ್ತಿಗೆ ಅವರು ಕಾಗದ ಹಿಡಿದುಕೊಂಡೇ ಕೆಳಗೆ ಬಂದರು. ಬಾಗಿಲಲ್ಲಿ ನಿಂತು, 'ಆಂಟಿ, ಇದರಲ್ಲಿ ಸೆಪ್ಟೆಂಬರ್ ಅಂತ ಬರೆದಿದ್ದಾರಲ್ಲ, ತಪ್ಪಾಗಿರ್ಬೇಕು ನೋಡಿ. ಪ್ರತಿ ತಿಂಗಳೂ ಕೊಟ್ಟಿದೀನಿ ಅಂದಿದ್ರು ನಮ್ಮವರು' ಎಂದರು. ಅತ್ತೆ ಒಳಗೆ ಹೋಗಿ ಬಾಡಿಗೆಯ ಪುಸ್ತಕ ತಂದರು. ಯಾವುದೋ ಹಳೆಯ ವರ್ಷದ ಡೈರಿ, ನೀಲಿ ರೆಕ್ಸಿನ್ನಿನ ಹೊದಿಕೆ. ತಾರೀಕು, ಮೊತ್ತ, ಕೊಟ್ಟವರ ಸಹಿ, ಪಡೆದವರ ಸಹಿ ಎಂದು ಮಾವ ಸ್ಕೇಲಿಟ್ಟು ಗೆರೆ ಎಳೆದಿದ್ದ ಪುಟಗಳು. ಆಗಸ್ಟಿನ ಎರಡನೇ ಕಂತಿನ ಎದುರು ಆತನ ಸಹಿ ಇತ್ತು. ಅದರ ಕೆಳಗೆ ಬರೀ ಗೆರೆಗಳು. ಆಕೆ ಆ ಪುಟದ ಮೇಲೆ ಬೆರಳಿಟ್ಟು ಒಂದೊಂದೇ ಖಾಲಿ ಸಾಲನ್ನು ಇಳಿಯುತ್ತ ಹೋದರು. ಉಸಲಿ ತಂದುಕೊಟ್ಟ ನವರಾತ್ರಿ ಆ ಖಾಲಿ ಸಾಲುಗಳ ಮಧ್ಯೆ ಎಲ್ಲೋ ಇತ್ತು. ಆಕೆ ಆಮೇಲೆ ಒಂದು ಮಾತೂ ಆಡಲಿಲ್ಲ. ಅತ್ತೆ ಅವರನ್ನು ಒಳಗೆ ಕರೆದು ಕೂರಿಸಿ ಕಾಫಿಗೆ ಇಟ್ಟರು.

ಆತನ ಕೆಲಸ ಜೂನಿನಲ್ಲೇ ಹೋಗಿತ್ತು. ಖಾಸಗಿ ಕಂಪನಿಯ ಸೇಲ್ಸ್ ಕೆಲಸ. ಮನೆಯಲ್ಲಿ ಹೇಳಲಾಗದೆ ಪ್ರತಿ ಬೆಳಿಗ್ಗೆ ಬ್ಯಾಗು ತಗಲಿಸಿಕೊಂಡು ಹೊರಡುತ್ತಿದ್ದ. ಮೊಬೈಲ್ ಆ್ಯಪುಗಳಲ್ಲಿ ಸಾಲ, ಅದನ್ನು ತೀರಿಸಲು ಇನ್ನೊಂದು ಸಾಲ. ಇದನ್ನು ಕೇಳಿದ ಮೇಲೆ ನನ್ನ ಸಿಟ್ಟು ಹೋಯಿತೇ? ಪೂರ್ತಿ ಹೋಗಲಿಲ್ಲ. ಕಷ್ಟ ಬಂದದ್ದಕ್ಕೆ ಆತ ಹೊಣೆಯಲ್ಲ. ಆದರೆ ಕೆಳಗಿನ ಮನೆಯ ಮುದುಕಿಗೂ ತನ್ನಿಂದ ಅದೇ ಕಷ್ಟ ಬಂದಿದೆ ಎಂದು ತಿಳಿದೂ ಬಾಯಿ ಬಿಡದೆ ಇದ್ದದ್ದಕ್ಕೆ ಹೊಣೆ. ಜೂನಿನಲ್ಲೇ ಬಂದು, 'ಆಂಟಿ, ಕೆಲಸ ಹೋಯ್ತು' ಎಂದಿದ್ದರೆ ಅತ್ತೆ ಶೀಟಿನ ರೂಮನ್ನು ಕೊಟ್ಟಾದರೂ ಉಳಿಸಿಕೊಳ್ಳುತ್ತಿದ್ದರು. ಹಾಗೆ ಉಳಿಸಿಕೊಂಡ ಉದಾಹರಣೆ ಅದೇ ಮನೆಯಲ್ಲಿತ್ತು.

2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಆ ಶೀಟಿನ ರೂಮಿನಲ್ಲಿದ್ದವನು ರಾಯಚೂರು ಕಡೆಯ ಹುಡುಗ, ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ. ಬಾಡಿಗೆ ಮನೆಗಳಲ್ಲಿರುವ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು ಕೇಂದ್ರ ಗೃಹ ಇಲಾಖೆ ಮಾರ್ಚ್ 29ಕ್ಕೆ ಆದೇಶ ಹೊರಡಿಸಿತ್ತು. ಬ್ಯಾಂಕ್ ಸಾಲಗಾರರಿಗೆ ರಿಸರ್ವ್ ಬ್ಯಾಂಕು ಮೂರು ತಿಂಗಳ ವಿನಾಯಿತಿಗೆ ದಾರಿ ಮಾಡಿಕೊಟ್ಟಿತ್ತು. ಚೀಟಿ ದುಡ್ಡಿನಲ್ಲಿ, ಕೈಗಡದಲ್ಲಿ ಮನೆ ಕಟ್ಟಿದವರಿಗೆ ಅಂಥದ್ದೇನೂ ಇರಲಿಲ್ಲ. ಅವರ ಹೆಸರು ಯಾವ ಆದೇಶದಲ್ಲೂ ಬರಲಿಲ್ಲ. ಹುಡುಗ ಊರಿಗೆ ಹೊರಡುವ ಮುಂಚೆ ಕೆಳಗೆ ಬಂದು, 'ಅಮ್ಮಾ, ಕೀಲಿ ನಿಮ್ಮ ಹತ್ರಾನೇ ಇರ್ಲಿ. ಬಂದ್ ಮ್ಯಾಲ ದುಡುದು ಕೊಡ್ತೀನ್ರಿ' ಎಂದು ಹೇಳಿ ಹೋಗಿದ್ದ. ತಿಂಗಳುಗಳು ಕಳೆದು ವಾಪಸು ಬಂದ. ಐನೂರು, ಸಾವಿರ ಎಂದು ಕೊಡುತ್ತ ಕೊಡುತ್ತ ಹಿಂದಿನದೆಲ್ಲ ತೀರಿಸಿದ. ಅವನ ಸಹಿಗಳು ಅದೇ ನೀಲಿ ಡೈರಿಯಲ್ಲಿವೆ.

ಈಗ ಆ 'ನಮ್ಮವರೇ' ಎಂಬ ಮಾತಿಗೆ ಬರುತ್ತೇನೆ. ಬೆಂಗಳೂರಿನಲ್ಲಿ ಟು-ಲೆಟ್ ಬೋರ್ಡು ನೋಡಿ ಬಂದವರಿಗೆ ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತು. ಫ್ಯಾಮಿಲಿಯಾ, ಬ್ಯಾಚುಲರ್ಸಾ? ಯಾವ ಜನ? ವೆಜ್ಜಾ, ನಾನ್‌ವೆಜ್ಜಾ? ಹೆಸರು ಕೇಳಿದೊಡನೆ ಮನೆ ಆಗಲೇ ಹೋಯಿತು ಎನ್ನಿಸಿಕೊಂಡು ಗೇಟಿನಿಂದಲೇ ವಾಪಸಾದ ಮುಸ್ಲಿಂ ಗೆಳೆಯರು ನನಗಿದ್ದಾರೆ, ದಲಿತ ಗೆಳೆಯರಿದ್ದಾರೆ. ಏಕೆ ಹೀಗೆ ಎಂದು ಓನರುಗಳನ್ನು ಕೇಳಿ ನೋಡಿ. ನಾಳೆ ಬಾಡಿಗೆ ಕೊಡದಿದ್ದರೆ ಯಾರನ್ನು ಕೇಳೋದು, ನಮ್ಮವರಾದರೆ ನಾಲ್ಕು ಜನರ ಮೂಲಕ ಹೇಳಿಸಬಹುದು ಎನ್ನುತ್ತಾರೆ. ಅತ್ತೆಯ ಮೇಲಿನ ಮನೆಗೆ ಬಂದವರು ಈ ಪ್ರಶ್ನೆಪತ್ರಿಕೆಯಲ್ಲಿ ನೂರಕ್ಕೆ ನೂರು ತೆಗೆದವರು. ಸಂಸಾರಸ್ಥರು, ಸಸ್ಯಾಹಾರಿಗಳು, ನಮ್ಮದೇ ಜಾತಿ. ದೇವಸ್ಥಾನದ ಪರಿಚಯದ ಮೇಲೆ ಬಂದವರು, ಆಗ ಕೆಲಸವೂ ಇತ್ತು. ರಾಯಚೂರಿನ ಹುಡುಗ ಎಲ್ಲದರಲ್ಲೂ ಫೇಲು. ಬ್ಯಾಚುಲರ್, ಬೇರೆ ಜನ, ರೂಮಿನಲ್ಲಿ ಮೊಟ್ಟೆ ಬೇಯಿಸುತ್ತಿದ್ದವನು. ರೂಮು ಖಾಲಿ ಬಿದ್ದಿತ್ತೆಂದು ಮಾವ ಕೊಟ್ಟಿದ್ದರು. ಬಾಡಿಗೆ ಬರುತ್ತದೋ ಇಲ್ಲವೋ ಎಂಬುದನ್ನು ಈ ಪ್ರಶ್ನೆಗಳು ಅಳೆಯುವುದೇ ಇಲ್ಲ. ಬಾಕಿಯ ಭಯವನ್ನು ಮುಂದಿಟ್ಟುಕೊಂಡು ಹಳೆಯ ತಾರತಮ್ಯ ನೆಮ್ಮದಿಯಾಗಿ ಬದುಕಿಕೊಂಡಿದೆ. ಇದನ್ನು ಅತ್ತೆಗೂ ಹೇಳಿದೆ, ಇಲ್ಲೂ ಹೇಳುತ್ತಿದ್ದೇನೆ.

ದಾವೆಗೆ ಹೋಗುವ ಮೊದಲು ಇನ್ನೊಂದು ದಾರಿ ಸಿಕ್ಕಿತು. ಅದನ್ನು ಹೆಚ್ಚು ಜನ ತಿಳಿದರೆ ಒಳ್ಳೆಯದು. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರೆ ಕೇಸು ಹಾಕುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ಕೂರಿಸುತ್ತಾರೆ. ಅಲ್ಲಿ ಒಪ್ಪಿದ್ದು ಲೋಕ ಅದಾಲತ್ತಿನ ಮುಂದೆ ದಾಖಲಾದರೆ ಅದಕ್ಕೆ ಡಿಕ್ರಿಯ ಬಲ, ಮೇಲ್ಮನವಿ ಇಲ್ಲ. ಆತ ಹೇಳಿದ ದಿನಕ್ಕೆ ಬಂದ. ತಲೆ ಎತ್ತಲಿಲ್ಲ, ಆದರೆ ಬಂದ. ಅತ್ತೆ ಕೇಳಿದ್ದರಲ್ಲಿ ಮೊದಲನೆಯದು ದುಡ್ಡಲ್ಲ. 'ಮಗುವಿನ ಪರೀಕ್ಷೆ ಮುಗಿಯೋವರೆಗೂ ಇರ್ಲಿ ಸ್ವಾಮಿ, ಈಗ ಮನೆ ಬದಲಾಯಿಸಿದ್ರೆ ಅದರ ಓದು ಹಾಳಾಗುತ್ತೆ' ಎಂದರು. ಏಪ್ರಿಲ್ ಕೊನೆಗೆ ಖಾಲಿ ಮಾಡುವುದು, ಅಲ್ಲಿಗೆ ಎಂಟು ತಿಂಗಳ ಬಾಕಿ 1,12,000. ಅಡ್ವಾನ್ಸು 70,000 ಕಳೆದು ಉಳಿದ 42,000ವನ್ನು ಏಳೇಳು ಸಾವಿರದಂತೆ ಆರು ಕಂತಿನಲ್ಲಿ ಕೊಡುವುದು. ಇಬ್ಬರೂ ಸಹಿ ಹಾಕಿದರು.

ಹೇಳಿದ ದಿನಕ್ಕೆ ಮನೆ ಖಾಲಿಯಾಯಿತು. ಹೋಗುವಾಗ ಆಕೆ ಮನೆಯನ್ನೆಲ್ಲ ತೊಳೆದು, ಹೊಸ್ತಿಲಿಗೆ ರಂಗೋಲಿ ಎಳೆದು ಬೀಗದ ಕೈ ಕೊಟ್ಟರು. ಕಂತುಗಳಲ್ಲಿ ಎರಡು ಬಂದವು. ಆಮೇಲೆ ನಿಂತವು.

ಮತ್ತೆ ಟು-ಲೆಟ್ ಬೋರ್ಡು ತೂಗುಹಾಕಿದೆವು. ಈ ಸಲ ಅತ್ತೆ ಹತ್ತು ತಿಂಗಳ ಅಡ್ವಾನ್ಸಿಗೆ ಒಂದು ರೂಪಾಯಿ ಕಡಿಮೆ ಇಲ್ಲ ಎಂದರು. ಸರ್ಕಾರಿ ನೌಕರರಿಗೆ ಮಾತ್ರ ಎಂದರು. ಕಲಬುರಗಿ ಕಡೆಯ ಒಬ್ಬ ನರ್ಸು, ಕೆ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದ ತಮ್ಮನ ಜೊತೆ ಬಂದಳು. ಅಡ್ವಾನ್ಸಿನ ಮೊತ್ತ ಕೇಳಿ ಅಕ್ಕತಮ್ಮ ಮುಖ ಮುಖ ನೋಡಿಕೊಂಡು ಗೇಟಿನ ಕಡೆ ತಿರುಗಿದರು. ಮೇಲಿನ ಮನೆಯವರ ಬಾಕಿ ಬಂದು ಕೂತದ್ದು ಎಲ್ಲಿ ಎಂದು ಆ ಗಳಿಗೆಯಲ್ಲಿ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ನಾನು ಡೈರಿ ತೆಗೆದು ರಾಯಚೂರಿನ ಹುಡುಗನ ಪುಟ ತೋರಿಸಿದೆ. ಅತ್ತೆ ಆ ಪುಟ ನೋಡಿ, ಅವರನ್ನು ವಾಪಸು ಕರೆಸಿ ಮೂರು ತಿಂಗಳ ಅಡ್ವಾನ್ಸಿಗೆ ಒಪ್ಪಿದರು. ಜೊತೆಗೊಂದು ಮಾತೂ ಹೇಳಿದರು: 'ನೋಡಮ್ಮ, ಕಷ್ಟ ಬಂದ್ರೆ ಮೊದಲನೇ ತಿಂಗಳೇ ಬಂದು ಹೇಳ್ಬಿಡು.' ಇಂಥದ್ದನ್ನು ಯಾವ ಅಗ್ರಿಮೆಂಟಿನಲ್ಲೂ ಬರೆದಿರುವುದಿಲ್ಲ. ಬರೆಯಬೇಕು ಎನ್ನುತ್ತೇನೆ ನಾನು, ಬಾಡಿಗೆ ಎಷ್ಟು ಎಂದು ಬರೆಯುವ ಸಾಲಿನ ಪಕ್ಕದಲ್ಲೇ.

ಬಾಕಿ ಉಳಿದ 28,000ದ ವಿಷಯದಲ್ಲಿ ಮಾತ್ರ ನನಗೂ ಅತ್ತೆಗೂ ಇನ್ನೂ ಒಮ್ಮತವಿಲ್ಲ. ಅದಾಲತ್ತಿನ ಆದೇಶ ಕೈಯಲ್ಲಿದೆ, ಅಮಲ್ಜಾರಿಗೆ ಹಾಕಿ ಎಂದು ನನ್ನ ವಾದ. ಆತನಿಗೆ ಈಗ ಕೆಲಸ ಸಿಕ್ಕಿದೆ ಎಂದು ಕೇಳಿದ್ದೇನೆ. ಆ ದುಡ್ಡು ಅತ್ತೆಯ ಮಾತ್ರೆಯ ದುಡ್ಡು. ಬಿಟ್ಟುಕೊಟ್ಟರೆ ಆ ಭಾರ ಇನ್ನೊಬ್ಬ ನರ್ಸಿನ ತಲೆಯ ಮೇಲೆ ಬೀಳುತ್ತದೆ. ಅತ್ತೆ ಬೇಡವೆನ್ನುವುದಿಲ್ಲ. 'ಆ ಹುಡುಗಿಗೆ ಪಿಯುಸಿ ಫೀಸು ಕಟ್ಟೋ ಕಾಲ ಇದು, ಕಟ್ಟಿ ಮುಗೀಲಿ ಕಣೋ' ಎನ್ನುತ್ತಾರೆ. ಅರ್ಜಿಯನ್ನು ವಕೀಲರ ಹತ್ತಿರ ಬರೆಸಿ ತಂದಿಟ್ಟಿದ್ದೇನೆ; ಫೀಸಿನ ಕೊನೆಯ ದಿನ ಕಳೆದ ಮೇಲೆ ಮತ್ತೆ ಕೇಳುತ್ತೇನೆ.